ಅರುಣಿ ಹುಟ್ಟಿದ್ದು ಹೇಗೆ?

ಮನೆ ಕಟ್ಟುವವನಿಗೆ ತಳಪಾಯ ಬೇಕು, ಕಥೆ ಕಟ್ಟುವವನಿಗೆ ಬೇಡ ಎಂದು ನಾನು ಬಹಳ ದಿನ ನಂಬಿದ್ದೆ. ಮಳವಳ್ಳಿಯ ಶಾಲೆಯಲ್ಲಿ ಪಾಠ ಹೇಳುತ್ತ, ಬಿಡುವಿನಲ್ಲಿ ಒಂದು ಮಾಸಪತ್ರಿಕೆಗೆ ಧಾರಾವಾಹಿ ಬರೆಯುತ್ತಿದ್ದೆ. ಅದರಲ್ಲಿ ಅರುಣಿ ಎಂಬ ಗ್ರಹವೊಂದನ್ನು ಸೃಷ್ಟಿಸಿದ್ದೆ. ಎರಡು ಚಂದ್ರ, ನೀಲಿ ಕಬ್ಬು, ಹಾರುವ ಗಾಡಿ, ಎಲ್ಲಾ ಇತ್ತು. ಬ್ರಹ್ಮನಿಗೂ ನನಗೂ ಹೆಚ್ಚು ವ್ಯತ್ಯಾಸವಿಲ್ಲ, ಅವನಿಗೆ ತಲೆ ನಾಲ್ಕು ಅಷ್ಟೇ ಎಂಬ ಜಂಬವೂ ಇತ್ತು. ಎರಡನೇ ಮಹಾಯುದ್ಧದ ಕಾಲ. ಕಾಗದ ಸಿಗದೆ ಪತ್ರಿಕೆ ವೀಳ್ಯದೆಲೆಯಷ್ಟು ತೆಳ್ಳಗಾಗಿದ್ದರೂ ನನ್ನ ಗ್ರಹಕ್ಕೆ ಮಾತ್ರ ಪುಟ ಕಡಿಮೆಯಾಗಿರಲಿಲ್ಲ.

ಮದುವೆಯಾದ ಮೊದಲ ಆಷಾಢಕ್ಕೆ ಹೆಂಡತಿ ಜಯಮ್ಮ ಕೊತ್ತತ್ತಿಯ ತವರಿಗೆ ಹೋದಳು. ಆಷಾಢದಲ್ಲಿ ಅಳಿಯ ಅತ್ತೆಯ ಮನೆ ಹೊಸಿಲು ತುಳಿಯಬಾರದಲ್ಲ? ಸುಮ್ಮನಿರಲಾರದೆ ನನ್ನ ಬದಲು ಪತ್ರಿಕೆ ಕಳಿಸಿದೆ. ಅದೇ ನಾನು ಮಾಡಿದ ತಪ್ಪು. ಅವಳು ಜಗಲಿಯಲ್ಲಿ ಕುಳಿತು ಗಟ್ಟಿಯಾಗಿ ಓದಿದಳಂತೆ. ಕೇಳಿದ ಮಾವನಿಗೂ ಅವರಣ್ಣ ದೊಡ್ಡ ಮಾವನಿಗೂ ಕಬ್ಬಿನ ಮೇಲೇ ಕಣ್ಣು. ಕಬ್ಬು ಬೆಳೆಯುವ ಮಣ್ಣು ಅಲ್ಲಿಗೆ ಬಂದದ್ದು ಹೇಗೆ, ಆ ಗ್ರಹ ಹುಟ್ಟಿದ್ದು ಹೇಗೆ ಎಂದು ಶುರುವಾದ ಮಾತು ಜಗಳಕ್ಕೆ ತಿರುಗಿ, ಅಣ್ಣತಮ್ಮಂದಿರು ಮಾತು ಬಿಟ್ಟರು. ಊರೂ ಎರಡು ಪಾಲಾಗಿ ನಾಲೆಯ ಏರಿಯ ಮೇಲೂ ಅದೇ ಚರ್ಚೆಯಂತೆ.

ಶ್ರಾವಣ ಹುಟ್ಟಿತೋ ಇಲ್ಲವೋ, ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುತ್ತಿದ್ದ ಬಸ್ಸು ಹತ್ತಿ ಮಂಡ್ಯಕ್ಕೆ ಬಂದು, ಅಲ್ಲಿಂದ ನಡೆದು ಹೋದೆ. ಹೆಂಡತಿಯ ಮುಖ ನೋಡಿ ತಿಂಗಳಾಗಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ಅನ್ನ ರುಚಿಸುತ್ತಿರಲಿಲ್ಲ. ಆದರೆ ಆ ಮನೆಯಲ್ಲಿ ಮಗಳನ್ನು ಕಳಿಸುವಾಗ ಹಿರಿಯರಿಬ್ಬರೂ ಜೊತೆಯಲ್ಲಿ ನಿಂತು ಹರಸಬೇಕು, ಆಮೇಲೇ ಮಡಿಲಕ್ಕಿ. ಇವರೋ, ಒಬ್ಬರು ಜಗಲಿಯಲ್ಲಿದ್ದರೆ ಇನ್ನೊಬ್ಬರು ಹಿತ್ತಲಲ್ಲಿ. "ನೀವೇ ಉಟ್ಸಿದ್ ಗ್ರಹ, ನೀವೇ ತೀರ್ಮಾನ ಮಾಡಿ" ಎಂದು ಅತ್ತೆ ನನಗೆ ಹೇಳಿ, ಇಬ್ಬರನ್ನೂ ಕರೆಸಿ ಕೂರಿಸಿದರು.

ದೊಡ್ಡ ಮಾವ ಆಲೆಮನೆಯವರು. "ಕೊಪ್ಪರಿಗೇಲಿ ಕುದ್ದು ಕುದ್ದು ಬೆಲ್ಲ ಗಟ್ಟಿಯಾಯ್ತದಲ್ಲ, ಅಂಗೇ ಕಣ್ರೀ ಅದು" ಎಂದರು. ಮಾವ ಅಣ್ಣನ ಮುಖ ನೋಡದೆ ನನಗೆ, "ಕುದ್ದಿದ್ ನೆಲ್ದಲ್ಲಿ ಕಬ್ಬು ಬಂದದಾ? ನಾಲೆ ನೀರಲ್ಲಿ ಗೋಡು ಮಣ್ಣು ತಳದಲ್ಲಿ ಕುಂತ್ಕಳಂಗೆ ಆಕಾಸದ ಧೂಳು ಕುಂತ್ಕಂಡು ಆಗಿರಾದು. ಯೋಳಿ ಅವ್ರಿಗೆ" ಎಂದರು.

ನಿಜ ಹೇಳಬೇಕೆಂದರೆ ನಾನು ಆ ವಿಷಯ ಯೋಚಿಸಿಯೇ ಇರಲಿಲ್ಲ. ಆದರೂ ಮೇಷ್ಟರ ಗತ್ತಿನಲ್ಲಿ ಗಂಟಲು ಸರಿಮಾಡಿಕೊಂಡು, "ಮೊದಲು ಕುದೀತು, ಆರಿದ ಮೇಲೆ ಧೂಳು ಕೂತ್ಕೊಂತು. ಇಬ್ರುದೂ ಅರ್ಧರ್ಧ ಸರಿ" ಎಂದೆ.

ದೊಡ್ಡ ಮಾವ ಕೆಂಡವಾದರು. ಎಷ್ಟೋ ದಿನದ ಮೇಲೆ ತಮ್ಮನ ಕಡೆ ತಿರುಗಿ, "ಕೇಳ್ದೇನ್ಲಾ? ಅರ್ಧ ಸರಿ ಅಂತೆ! ಇವ್ರಿಗೆ ಏನೂ ಗೊತ್ತಿಲ್ಲ ಕಣ್ಲಾ" ಎಂದರು.

"ಊಂ ಕಣಣ್ಣ, ಗೊತ್ತಿಲ್ದೇ ಬರ್ದವ್ರೆ" ಎಂದರು ಮಾವ.

ಒಂದೇ ಎಲೆಯಡಿಕೆ ಚೀಲಕ್ಕೆ ಇಬ್ಬರ ಕೈಯೂ ಹೋಯಿತು. ಹೊರಡುವಾಗ ಜೊತೆಯಲ್ಲಿ ನಿಂತು ಮಗಳನ್ನು ಹರಸಿದರು. ನನಗೆ ಮಾತ್ರ ದೊಡ್ಡ ಮಾವ, "ಕತೆ ನೀವು ಬರ್ಕಳಿ. ಉಟ್ಟಿದ್ದೆಂಗೆ ಅನ್ನಾದ್ನ ನಾವ್ ನೋಡ್ಕತೀವಿ" ಎಂದರು.

ಬಸ್ಸಿನಲ್ಲಿ ಜಯಮ್ಮ, "ಇಬ್ರುನ್ನೂ ಒಂದ್ ಮಾಡುದ್ರಲ್ಲ, ಭಾರಿ ಬುದ್ವಂತ್ರು ನೀವು" ಎಂದಳು. ಎಲ್ಲಾ ಮೊದಲೇ ಯೋಚಿಸಿ ಮಾಡಿದ್ದು ಎಂದು ಮೀಸೆ ತಿರುವಿದೆ. ಅವಳು ಹತ್ತಿರ ಸರಿದು, "ನಂಗೊಬ್ಳಿಗೇ ಯೋಳಿ, ನಿಜ್ವಾಗ್ಲೂ ಅದು ಉಟ್ಟಿದ್ದೆಂಗೆ?" ಎಂದಳು.

"ದಸರಾಕ್ಕೆ ಹೋದಾಗ ನಿಮ್ಮಪ್ಪನ್ನ ಕೇಳ್ತೀನಿ, ಇರು" ಎಂದೆ.