ಕಣಗಿಲೆಗೆ ನೆಟ್ಟ ಕಲ್ಲು

ಗಿಡಕ್ಕಿಂತ ಗಿಡ ನೆಟ್ಟವರ ಹೆಸರು ಎದ್ದು ಕಾಣತಕ್ಕದ್ದು. ಇದು ಅರಕಲಗೂಡಿನ ಪಟ್ಟಣ ಅಲಂಕಾರ ಸಮಿತಿಯ ನಿಯಮ. ತೊಂಬತ್ತೆಂಟರಲ್ಲಿ ಜಾರಿಗೆ ಬಂತು.

ಸಮಿತಿ ಕಚೇರಿಯ ಮುಂದೆ, ದಿನವಿಡೀ ಬಿಸಿಲು ಬೀಳುವ ಅಂಚಿನಲ್ಲಿ, ಆಳೆತ್ತರದ ಕೆಂಪು ಕಣಗಿಲೆ ಇತ್ತು. ಅಲ್ಲಿ ಕಸ ಗುಡಿಸುತ್ತಿದ್ದ ಪುಟ್ಟತಾಯಮ್ಮ ಕೊಣನೂರಿನ ತವರಿಂದ ಕಡ್ಡಿ ತಂದು ಊರಿದ್ದು. ಅವಳು ತೀರಿಕೊಂಡ ಮೇಲೆ ಗಂಡ ಚೆನ್ನಯ್ಯ, ಅದೇ ಕಚೇರಿಯ ಜವಾನ, ನೀರು ಹಾಕುತ್ತಿದ್ದ. ಒಂದು ಹೂ ಕಿತ್ತು ಜೇಬಲ್ಲಿಟ್ಟುಕೊಳ್ಳುತ್ತಿದ್ದ. ಸಂಜೆ ಅವಳ ಪಟಕ್ಕೆ ಮುಡಿಸುತ್ತಿದ್ದ. ಮನೆಯಲ್ಲಿ ಅವನಿಗೆ ಇನ್ನೇನೂ ಕೆಲಸವಿರಲಿಲ್ಲ.

ಒಂದು ವರ್ಷ ಹೂಗಿಡ ನೆಡುವ ಆಂದೋಲನ ಬಂತು. ಗುಂಡಿ ತೋಡಿ, ನೆಟ್ಟು, ಹೂ ಬಿಡುವ ತನಕ ಕಾಯಲು ಮಂತ್ರಿಗಳಿಗೆ ಪುರುಸೊತ್ತಿಲ್ಲ. ಆದ್ದರಿಂದ ಆಗಲೇ ಹೂ ಬಿಟ್ಟು ನಿಂತಿದ್ದ ಈ ಕಣಗಿಲೆಯನ್ನೇ ಅವರು ನೆಟ್ಟರೆಂದಾಯಿತು. ಮಂತ್ರಿಗಳು ಬುಡಕ್ಕೆ ಒಂದು ಚೊಂಬು ನೀರು ಹೊಯ್ದರು. ಗಿಡದ ಹಿಂದೆ ಕಲ್ಲು ನಿಂತಿತು. ಮೇಲೆ ಮಂತ್ರಿಗಳ ಹೆಸರು, ಕೆಳಗೆ ಅಧ್ಯಕ್ಷ ಗುಂಡಯ್ಯನವರದು, ಅದಕ್ಕೂ ಕೆಳಗೆ ಸದಸ್ಯ ಪಾಲಾಕ್ಷನದು.

ಮಂತ್ರಿಗಳ ಹೆಸರಿಗೆ ಹೂ ಅಡ್ಡ ಬಂತು. ನಿಯಮದಂತೆ ಗಿಡದ ತಲೆ ಸವರಲಾಯಿತು.

“ಮಂತ್ರಿ ಕಂಡ್ರೆ ಸಾಕಾ? ನಾನ್ ಕಾಣಾದ್ ಬ್ಯಾಡ್ವಾ?” ಅಂದರು ಗುಂಡಯ್ಯ. ಗಿಡ ಸೊಂಟಕ್ಕಿಳಿಯಿತು.

“ಲೇ ಚೆನ್ನಯ್ಯ, ನಾನೇನು ಸೊಪ್ಪಿನಾಗೆ ಕುಂತಿರೋ ಓತಿಕ್ಯಾತನೇನ್ಲಾ?” ಅಂದ ಪಾಲಾಕ್ಷ. ಮೊಣಕಾಲಿಗಿಳಿಯಿತು.

ಚೆನ್ನಯ್ಯ ಸಭೆಯ ಬಾಗಿಲಲ್ಲಿ ನಿಂತ. “ಕಣಗಿಲೆ ಹೂ ಬುಡಾದೇ ತುದೀಲಿ ಸಾ. ಇಂಗೆ ಕಡೀತಾ ಓದ್ರೆ ಅವಳಿಗೆ ಒಂದ್ ಹೂವೂ ಇಲ್ಲ.”

“ಯಾರಿಗ್ಲಾ?”

“ನಮ್ಮವಳಿಗೆ. ನೆಟ್ಟಿದ್ದು ಅವಳೇ ಕಣ ಸಾ.”

ಸಭೆ ಮರುಗಿತು. ಗುಂಡಯ್ಯನವರು ಕಣ್ಣೊರೆಸಿಕೊಂಡರು. “ಮೊದ್ಲೇ ಯೋಳಾದಲ್ವೇನ್ಲಾ! ನೆಟ್ಟೋರ ಎಸ್ರು ಇರ್ಲೇಬೇಕು.”

ಒಮ್ಮತದಿಂದ ಠರಾವಾಯಿತು. ಕಲ್ಲಿನಲ್ಲಿ ಖಾಲಿ ಇದ್ದದ್ದು ಬುಡದ ಸಾಲು ಮಾತ್ರ. ಅಲ್ಲಿ ಪುಟ್ಟತಾಯಮ್ಮನ ಹೆಸರು ಕೆತ್ತಿಸಲಾಯಿತು. ಅಷ್ಟು ಕೆಳಗಿನ ಹೆಸರೂ ಎದ್ದು ಕಾಣಬೇಕಾದ್ದರಿಂದ ಉಳಿದ ಮೋಟನ್ನು ಬೇರುಸಮೇತ ಕೀಳಲಾಯಿತು. ಕೀಳುವ ಗೌರವ ಚೆನ್ನಯ್ಯನಿಗೇ ಕೊಟ್ಟರು. ಚಪ್ಪಾಳೆ ಬಿತ್ತು.

ಆಂದೋಲನ ಪರಿಶೀಲಿಸಲು ಹಾಸನದಿಂದ ಒಬ್ಬ ಅಧಿಕಾರಿ ಬಂದರು. ಕಲ್ಲನ್ನು ಮೇಲಿಂದ ಕೆಳಗೆ ಓದಿದರು.

“ಬಿಸಿಲು ಚೆನ್ನಾಗಿ ಬೀಳುತ್ತೆ. ನೀರು ಹಾಕ್ತಿದ್ದೀಯೇನಪ್ಪ?”

“ದಿನಾ ಆಕ್ತೀನಿ ಸಾ.”

ಸುಳ್ಳಲ್ಲ. ಈಗಲೂ ಚೆನ್ನಯ್ಯ ಬೆಳಗ್ಗೆ ಒಂದು ಕೊಡ ನೀರು ತಂದು ಕಲ್ಲಿನ ಬುಡದ ಸಾಲಿಗೆ ಹೊಯ್ಯುತ್ತಾನೆ. ಧೂಳು ಹೋಗುತ್ತದೆ.

ಅಧಿಕಾರಿಗಳು ತೃಪ್ತರಾದರು. ಮಾರನೇ ವರ್ಷದಿಂದ ಆಂದೋಲನಕ್ಕೆ ಗಿಡ ಬಿಟ್ಟು ಕಲ್ಲು ಮಾತ್ರ ತರಿಸಲಾಗುತ್ತಿದೆ.