ಟೈಲರ್ ಇನ್ನಾಸಪ್ಪ ಕೈ ಕೊಟ್ಟ ದಿನ

ಟೈಲರ್ ಇನ್ನಾಸಪ್ಪನ ಆ ಸೋಮವಾರ ಕೆಟ್ಟದ್ದು ಒಂದು ಗೋಣಿಚೀಲದಿಂದ. ಭಾನುವಾರದ ಪ್ರಸಂಗದಿಂದ ಎಂದರೂ ತಪ್ಪಿಲ್ಲ.

ಭಾನುವಾರ ಪೂಜೆಯಲ್ಲಿ ಫಾದರ್, "ಸೇವೆ ಮಾಡೋಕೆ ಎಲ್ಲೆಲ್ಲೋ ಹುಡುಕ್ಕೊಂಡು ಹೋಗಬೇಡಿ. ದಿನಾ ಕಣ್ಣೆದುರಿಗೆ ಬರೋರಲ್ಲೇ ಪ್ರಭು ಬರ್ತಾನೆ. ಕಷ್ಟದಲ್ಲಿರೋರಿಗೆ ಒಂದು ಕೈ ಕೊಡಿ, ಸಾಕು" ಎಂದಿದ್ದರು. ಇನ್ನಾಸಪ್ಪನ ಹೆಂಡತಿ ಆರೋಗ್ಯಮ್ಮ ಗಂಡನ ಪಕ್ಕೆಗೆ ತಿವಿದು, "ನಿಮ್ಗೇ ಯೋಳ್ತಿರೋದು, ಕೇಳಿಸ್ಕಳಿ" ಎಂದಿದ್ದಳು. ಆಕೆ ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಮೂವತ್ತು ವರ್ಷದಿಂದ ಪಾಂಡವಪುರದ ಬಸ್ ಸ್ಟ್ಯಾಂಡಿನೆದುರು ಮಿಷನ್ನಿಗೆ ತಲೆ ಬಗ್ಗಿಸಿ ಕೂತ ಮನುಷ್ಯ, ಅಂಗಡಿ ಮುಂದೆ ಯಾರಾದರೂ ಜಾರಿಬಿದ್ದರೂ ಹಿಡಿದ ಹೊಲಿಗೆ ಮುಗಿಸಿಯೇ ತಲೆಯೆತ್ತುತ್ತಿದ್ದ.

ಸೋಮವಾರ ಮಾತ್ರ ಅವನು ತಲೆಯೆತ್ತಿಕೊಂಡೇ ಕೂತಿದ್ದ. ಒಂಬತ್ತು ಗಂಟೆಗೆ ಶ್ರೀರಂಗಪಟ್ಟಣದಿಂದ ಕೆ.ಆರ್.ಪೇಟೆಗೆ ಹೋಗುವ ಬಸ್ಸು ಬಂದು ನಿಂತಿತು. ಬಾಗಿಲ ಬಳಿ ಒಬ್ಬಳು ಹೆಂಗಸು ತನಗಿಂತ ದಪ್ಪನೆಯ ಚೀಲದ ಜತೆ ಕುಸ್ತಿಗೆ ಬಿದ್ದವಳಂತೆ ಏಗುತ್ತಿದ್ದಳು. ಇನ್ನಾಸಪ್ಪ ಲುಂಗಿ ಎತ್ತಿ ಕಟ್ಟಿ, ಕೊರಳಲ್ಲಿ ಅಳತೆ ಟೇಪು ಹಾಗೇ ಇದ್ದಂತೆ, ಮೊಬೈಲು ಮಿಷನ್ನಿನ ಮೇಲೇ ಬಿಟ್ಟು ಓಡಿದ.

"ಬುಡವ್ವಾ, ನಾನು ಎತ್ತಾಕ್ತೀನಿ!"

"ಬ್ಯಾಡ ಕಣಣ್ಣ, ಅಲ್ಲ ಕಣಣ್ಣ..."

ಸಂಕೋಚದ ಹೆಂಗಸು ಎಂದುಕೊಂಡ ಇನ್ನಾಸಪ್ಪ ಚೀಲವನ್ನು ಎತ್ತಿ ಬಸ್ಸಿನೊಳಕ್ಕೆ ಹಾಕಿದ. ಬಾಗಿಲಿಗೆ ಅಡ್ಡವಾಗಬಾರದೆಂದು ತಾನೂ ಹತ್ತಿ ಅದನ್ನು ಒಳಕ್ಕೆ ನೂಕಿದ. ಹಿಂದಿನಿಂದ ಹತ್ತು ಜನ ನುಗ್ಗಿದರು. ಕಂಡಕ್ಟರ್ ಸೀಟಿ ಹೊಡೆದ. ಬಸ್ಸು ಹೊರಟಿತು.

ಹೊರಗೆ ಯಾರೋ ಕೂಗಿದ್ದು ಕೇಳಿಸಿತು. ಚೀಲದೊಡತಿ ಹಿಂದಿನ ಬಾಗಿಲಲ್ಲಿ ಹತ್ತಿರಬೇಕೆಂದು ಜನರನ್ನು ಸೀಳಿಕೊಂಡು ಹಿಂದಕ್ಕೆ ಹೋದ. ಅಲ್ಲಿ ಕೂತಿದ್ದ ಮುದುಕ ಅವನನ್ನು ಮೇಲಿಂದ ಕೆಳಗೆ ನೋಡಿದ.

"ಆವಮ್ಮನ್ನಾ ಹುಡುಕ್ತಿರೋದು? ಅವ್ಳು ಹತ್ತುತಿರ್ನಿಲ್ಲ ಕಣ್ಲಾ, ಇಳೀತಿದ್ಲು. ಪಟ್ಣದಿಂದ ಇಲ್ಲೀಗಂಟ ನನ್ ಪಕ್ಕದಲ್ಲೇ ಕೂತಿದ್ಲು. ಮಗಳ ಸೀಮಂತಕ್ಕೆ ಅಂತ ತೆಂಗಿನಕಾಯಿ ತತ್ತಿದ್ಲು, ಪಾಪ."

ಫಾದರ್ ಕೈ ಕೊಡಿ ಅಂದದ್ದೇನೋ ನಿಜ, ಆದರೆ ಈ ಅರ್ಥದಲ್ಲಲ್ಲ.

ಅವನು ಮತ್ತೆ ಮುಂದಕ್ಕೆ ಈಜಿ ಕಂಡಕ್ಟರನ್ನು ತಲುಪುವಷ್ಟರಲ್ಲಿ ಊರು ದಾಟಿ ಎಷ್ಟೋ ದೂರವಾಗಿತ್ತು. "ದಾರಿ ಮಧ್ಯ ಇಳ್ಕಂಡು ಚೀಲ ಹೊತ್ಕಂಡೋಯ್ತೀರಾ? ಚಿನಕುರಳೀಲಿ ಇಳ್ಕಳಿ, ವಾಪಸ್ ಬಸ್ಸು ಸಿಕ್ತದೆ" ಎಂದ ಕಂಡಕ್ಟರ್, ಟಿಕೆಟ್ಟನ್ನೂ ಕೇಳದೆ ಚೀಲ ಇಳಿಸಿಕೊಟ್ಟ. ಎಂಥಾ ಒಳ್ಳೇ ಮನುಷ್ಯ ಎಂದುಕೊಂಡ ಇನ್ನಾಸಪ್ಪ.

ಅಂಥವರು ಒಬ್ಬರಲ್ಲ, ಮುಂದೆ ಸಾಲುಸಾಲಾಗಿ ಸಿಕ್ಕಿದರು. ಚಿನಕುರಳಿಯ ನೆಲದ ಮೇಲೆ ಕಾಲಿಟ್ಟನೋ ಇಲ್ಲವೋ, ಟೀ ಅಂಗಡಿಯಿಂದ ದಪ್ಪ ಮೀಸೆಯ ಮನುಷ್ಯನೊಬ್ಬ ಓಡಿಬಂದು ತೋಳು ಹಿಡಿದುಕೊಂಡ.

"ಬನ್ನಿ ಸ್ವಾಮಿ, ಬನ್ನಿ. ನಾನು ಹೊನ್ನಪ್ಪ, ಇದು ನಮ್ದೇ ಅಂಗ್ಡಿ. ಟೀ ಕುಡೀರಿ."

"ಅಯ್ಯೋ, ಈ ಚೀಲ ಪಾಂಡವಪುರಕ್ಕೆ..."

"ಚೀಲಕ್ಕೇನಾಯ್ತದೆ, ಅದು ಎಲ್ಲೂ ಹೋಗಾಕಿಲ್ಲ. ನೀವೂ ಹೋಗಾಕಿಲ್ಲ. ಕೂತ್ಕಳಿ."

ಬೆಂಚಿನ ಆಚೆ ಒಬ್ಬ, ಈಚೆ ಒಬ್ಬ ಬಂದು ಒತ್ತಿ ಕೂತರು. ಟೀ ಬಂತು, ಬನ್ನು ಬಂತು. ಇನ್ನಾಸಪ್ಪ ಶೌಚಕ್ಕೆಂದು ಎದ್ದರೆ ಬೋರಯ್ಯನೆಂಬ ಗಟ್ಟಿಮುಟ್ಟಾದ ಆಳು ಹಿಂದೆಯೇ ಬಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತ. "ನೀರೇನಾದ್ರೂ ಬೇಕಾದ್ರೆ ಯೋಳಿ, ಇಲ್ಲೇ ಇರ್ತೀನಿ" ಎಂದ. ಸೋದರಮಾವನ ಮನೆಯಲ್ಲೂ ಇನ್ನಾಸಪ್ಪನಿಗೆ ಇಷ್ಟು ಮರ್ಯಾದೆ ಸಿಕ್ಕಿರಲಿಲ್ಲ. ನಾನು ಒಬ್ಬರಿಗೆ ಸೇವೆ ಮಾಡಲು ಹೊರಟರೆ ಊರೇ ನನಗೆ ಸೇವೆ ಮಾಡುತ್ತಿದೆಯಲ್ಲ ಪ್ರಭುವೇ ಎಂದು ಅವನ ಕಣ್ಣು ಒದ್ದೆಯಾಯಿತು.

ಬಸ್ಸಿಗೆ ಕಾಯುವುದೂ ಬೇಡವೆಂದರು ಆ ಪುಣ್ಯಾತ್ಮರು. ಬೋರಯ್ಯ ಬೈಕು ತಂದ. ಇನ್ನಾಸಪ್ಪನನ್ನು ನಡುವೆ ಕೂರಿಸಿ ಹೊನ್ನಪ್ಪ ಹಿಂದೆ ಕೂತು ಸೊಂಟವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ತಬ್ಬಿಕೊಂಡ. ಚೀಲ ಹಿಂದಿನ ಆಟೋದಲ್ಲಿ ಬಂತು.

"ಇಷ್ಟು ಬಿಗಿಯಾಗಿ ಬ್ಯಾಡಿ ಹೊನ್ನಪ್ಪಾರೆ, ನಾನೇನು ಬೀಳಾಕಿಲ್ಲ."

"ಬಿದ್ದೋದ್ರೆ ನಾವು ಎಲ್ ಹುಡುಕವಾ?" ಎಂದ ಹೊನ್ನಪ್ಪ. ಎಂಥ ಕಾಳಜಿ!

ಪಾಂಡವಪುರ ಬಂತು, ಅವನ ಅಂಗಡಿಯೂ ಬಂತು, ಎರಡೂ ಹಿಂದಕ್ಕೆ ಹೋದವು. "ಅಲ್ಲೇ ನನ್ನ ಅಂಗ್ಡಿ!" ಎಂದರೆ, "ಊಟ ಮಾಡ್ಕಂಡು ಹೋಗೀರಂತೆ" ಎಂದ ಬೋರಯ್ಯ. ಮೂರು ಮೈಲಿಯಾಚೆ ಒಂದು ಹಳ್ಳಿಯಲ್ಲಿ, ಚಪ್ಪರ ಹಾಕಿದ ಮನೆಯೆದುರು ಬೈಕು ನಿಂತಿತು. ಚಪ್ಪರದ ಕೆಳಗೆ ಐವತ್ತು ಜನ ಎದ್ದು ನಿಂತರು. ಅವರ ಮುಂದೆ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೆಳಗಿನ ಅದೇ ಹೆಂಗಸು.

"ಇವ್ನೇ ಕಣ್ರೋ! ಇವ್ನೇ!"

ಇನ್ನಾಸಪ್ಪನಿಗೆ ಆನಂದ ತಡೆಯಲಾಗಲಿಲ್ಲ. ಕೈಮುಗಿದು ನಿಂತ.

"ನನ್ ತಪ್ಪಾಯ್ತು ತಾಯಿ. ಹತ್ತಿಸ್ತಿದ್ದೀರಿ ಅನ್ಕಂಡು ಇಳಿಸಿದ್ ಚೀಲಾನ ಎತ್ತಾಕ್ಬುಟ್ಟೆ. ಹೆಂಗ್ ತಂದ್ಕೊಡ್ಲಿ ಅಂತ ಒದ್ದಾಡ್ತಿದ್ದೆ. ಈ ದೇವ್ರಂಥ ಜನ ಸಿಕ್ಕುದ್ರು. ಹೊನ್ನಪ್ಪಾರು ಟೀ ಕೊಟ್ರು, ಬನ್ನು ಕೊಟ್ರು. ಬೋರಯ್ಯಾರು ಬಾಗ್ಲು ಕಾದ್ರು. ಬೀಳ್ದಂಗೆ ತಬ್ಕಂಡು ಕರ್ಕಬಂದ್ರು. ಇವ್ರ ಋಣ ಹೆಂಗ್ ತೀರಿಸ್ಲಿ?"

ಹೊನ್ನಪ್ಪ ಮೀಸೆಯ ತುದಿ ಕಚ್ಚುತ್ತಾ ನೆಲ ನೋಡಿದ. ಅಷ್ಟರಲ್ಲಿ ಹಸಿರು ಬಳೆ ತೊಟ್ಟು ಕೂತಿದ್ದ ಬಸುರಿ ಹುಡುಗಿ ಎದ್ದಳು.

"ಅವ್ವಾ, ಇವ್ರು ಟೈಲರ್ ಇನ್ನಾಸಣ್ಣ! ನನ್ ಮದ್ವೆ ಬ್ಲೌಸೆಲ್ಲ ಹೊಲ್ದಿದ್ದು ಇವ್ರೇ. ಇವ್ರನ್ನಾ ನೀನು ಕಳ್ಳ ಅಂದಿದ್ದು?"

"ಕಳ್ಳ?" ಎಂದ ಇನ್ನಾಸಪ್ಪ.

ಆ ಹೆಂಗಸು, ಹುಡುಗಿಯ ತಾಯಿ ನಾಗಲಕ್ಷ್ಮಮ್ಮ, ತಲೆ ತಗ್ಗಿಸಿ ಹೇಳಿದಳು: "ಬಸ್ಸು ಹೋಗಿದ್ದೇ ಚಿನಕುರಳೀಲಿರೋ ನಮ್ಮಣ್ಣ ಹೊನ್ನಪ್ಪನ್ಗೆ ಪೋನ್ ಮಾಡ್ದೆ. ಕೊರಳಲ್ಲಿ ಟೇಪು ಹಾಕ್ಕಂಡಿರೋ ಕಳ್ಳ, ಗಲಾಟೆ ಮಾಡ್ದೆ ಉಪಾಯವಾಗಿ ಹಿಡ್ಕಂಡ್ ಬಾ ಅಂದೆ. ಬುಟ್ಬುಡಿ ಅಣ್ಣ, ತಪ್ಪಾಯ್ತು."

ಇನ್ನಾಸಪ್ಪ ಮೆಲ್ಲಗೆ ಹೊನ್ನಪ್ಪನ ಕಡೆ ತಿರುಗಿದ. "ಹಂಗಾದ್ರೆ ಟೀ?"

"ಓಡೋಗ್ದೆ ಕೂತಿರ್ಲಿ ಅಂತ."

"ಬನ್ನು?"

ಹೊನ್ನಪ್ಪನ ಮುಖ ಕೆಂಪಾಯಿತು. "ಅದು... ನೀವು ಅಷ್ಟು ಖುಷಿಯಾಗಿ ಟೀ ಕುಡೀತಿದ್ದುದ್ ನೋಡಿ ಪಾಪ ಅನ್ನುಸ್ತು. ಅದ್ನ ನಾನಾಗೇ ಕೊಟ್ಟೆ."

ಮೊದಲು ನಕ್ಕವನು ಇನ್ನಾಸಪ್ಪನೇ. ಆಮೇಲೆ ಚಪ್ಪರವೇ ನಕ್ಕಿತು. ಚೀಲ ಬಿಚ್ಚಿದರೆ ನಲವತ್ತಕ್ಕೆ ನಲವತ್ತು ಕಾಯಿಯೂ ಇದ್ದವು. ಅವನನ್ನು ಮೊದಲ ಪಂಕ್ತಿಯಲ್ಲೇ ಕೂರಿಸಿ, ಒಬ್ಬಟ್ಟಿನ ಮೇಲೆ ಒಬ್ಬಟ್ಟು ಬಡಿಸಿದರು. ಅರ್ಪಿತ, ಆ ಬಸುರಿ ಹುಡುಗಿ, ಅವನ ಕಾಲಿಗೆ ನಮಸ್ಕರಿಸಿದಳು. "ಪ್ರಭು ನಿನ್ನ ಹೊಟ್ಟೇನ ತಣ್ಣಗಿಟ್ಟಿರ್ಲಿ ಮಗ" ಎಂದು ತಲೆ ಮುಟ್ಟಿ ಹರಸಿದ.

ಊಟ ಮುಗಿಸಿ, ತಾಂಬೂಲ ಹಿಡಿದು ಹೊರಬಂದು ಬೈಕಿನ ಪಕ್ಕ ನಿಂತ. ಚಪ್ಪರದ ಮೂಲೆಯಲ್ಲಿ ಚಾಪೆಯ ಮೇಲೆ ಉರುಳಿದ್ದ ಬೋರಯ್ಯ ಒಂದು ಕಣ್ಣು ತೆರೆದ.

"ಹೊಂಟ್ರಾ ಇನ್ನಾಸಣ್ಣ? ಉಸಾರು. ನೀವು ಒಳ್ಳೇರು, ಎಲ್ಗಾದ್ರೂ ಹೋಗ್ಬೋದು, ಇನ್ನು ಯಾರೂ ಹಿಡ್ಕಳಾಕಿಲ್ಲ" ಎಂದು ಆ ಕಣ್ಣನ್ನೂ ಮುಚ್ಚಿದ.

ಕಳ್ಳನಾಗಿ ಬರುವಾಗ ಬೈಕಿತ್ತು, ಹಿಂದೊಬ್ಬ ಮುಂದೊಬ್ಬ ಇದ್ದರು. ಒಳ್ಳೆಯವನಾದ ಮೇಲೆ ಮೂರು ಮೈಲಿ ಬಿಸಿಲು, ಒಬ್ಬನೇ. ಹೊಟ್ಟೆಯಲ್ಲಿ ಐದು ಒಬ್ಬಟ್ಟು ಹೊತ್ತು ಇನ್ನಾಸಪ್ಪ ಹೆಜ್ಜೆ ಹಾಕಿದ. ಒಂದು ಫರ್ಲಾಂಗು ಹೋಗುವಷ್ಟರಲ್ಲಿ ಬೆವರು ಇಳಿಯಿತು. ಆದರೂ ನಿಂತು, ಆಕಾಶ ನೋಡಿ, ಶಿಲುಬೆ ಗುರುತು ಹಾಕಿಕೊಂಡ.

"ಎಲ್ಲಾದ್ಕೂ ಸ್ತೋತ್ರ ಪ್ರಭುವೇ. ಬನ್ನಿಗೆ ಮಾತ್ರ ಎಲ್ಡು ಸಲ."