ನದಿಯಾಚೆಗೊಂದು ಮೊದಲ ಬಿಯರ್

"ನಮ್ಮ ವಂಶದಲ್ಲಿ ಯಾರೂ ಮೊದಲ ಬಿಯರನ್ನ ಕದ್ದು ಕುಡಿದವರಲ್ಲ!"

ಜುಲೈ ನಾಲ್ಕರ ಬೆಳಿಗ್ಗೆ ರೋಮನ್ ವೊಯ್ಚಿಕ್ ತಿಂಡಿ ಮೇಜಿನ ಮೇಲೆ ಗುದ್ದಿ ಹೀಗೆಂದು ಘೋಷಿಸಿದ. ಮೊಟ್ಟೆಯ ತಟ್ಟೆ ಒಂದಂಗುಲ ಹಾರಿತು. ಡೆಟ್ರಾಯ್ಟಿನಲ್ಲಿ ಕಾರುಗಳ ಸೈಲೆನ್ಸರ್ ರಿಪೇರಿ ಮಾಡೀ ಮಾಡೀ ಅವನ ದನಿಯೇ ಸೈಲೆನ್ಸರ್ ಕಳಚಿದ ಕಾರಿನಂತಾಗಿತ್ತು.

ವಂಶವೆಂದರೆ ಭಾರಿಯೇನಲ್ಲ, ಅವನು ಮತ್ತು ಅವನಪ್ಪ. ಅಮೆರಿಕದಲ್ಲಿ ಹದಿನೆಂಟಕ್ಕೆ ಮತ ಹಾಕಬಹುದು, ಮದುವೆಯಾಗಬಹುದು, ಯುದ್ಧಕ್ಕೂ ಹೊರಡಬಹುದು. ಬಿಯರಿಗೆ ಮಾತ್ರ ಇಪ್ಪತ್ತೊಂದು ತುಂಬಬೇಕು! ಆದರೆ ದೇವರು ದೊಡ್ಡವನು. ಊರ ಪಕ್ಕದಲ್ಲೇ ನದಿ ಹರಿಸಿ, ಆಚೆ ದಡದಲ್ಲಿ ಕೆನಡಾದ ವಿಂಡ್ಸರ್ ಇಟ್ಟಿದ್ದಾನೆ. ಅಲ್ಲಿ ಹತ್ತೊಂಬತ್ತೇ ಸಾಕು. ಆ ಹುಟ್ಟುಹಬ್ಬಕ್ಕೆ ಸೇತುವೆ ದಾಟುವುದು ಈ ಊರಿನ ಮಕ್ಕಳಿಗೊಂದು ಶಾಸ್ತ್ರ. ರೋಮನ್‌ನನ್ನು ಅವನಪ್ಪ ಹಾಗೆಯೇ ಕರೆದೊಯ್ದು, ನದಿ ಕಾಣುವ ಕಿಟಕಿಯ ಬಳಿ ಕೂರಿಸಿ ಬಿಯರ್ ಕೊಡಿಸಿದ್ದ. ಆ ಮನುಷ್ಯ ಮಗನ ಹೆಗಲ ಮೇಲೆ ಕೈಯಿಟ್ಟದ್ದು ಅದೊಂದೇ ಸಲ.

ಇಂದು ಮಗಳು ಹಲೀನಾಳ ಸರದಿ. ನಾಳೆ ಮುಂಜಾನೆ ಅವಳು ಅಲಾಸ್ಕಾಕ್ಕೆ ವಿಮಾನ ಹತ್ತಬೇಕು. ಅಲ್ಲಿ ಬೇಸಿಗೆ ಮುಗಿಯುವವರೆಗೂ ಮೀನು ಡಬ್ಬಿಯ ಕಾರ್ಖಾನೆಯಲ್ಲಿ ಕೆಲಸ. ಇಂದು ತಪ್ಪಿದರೆ ತಪ್ಪಿದಂತೆಯೇ.

"ರೋಮನ್, ಒಂದು ಮಾತು. ಅವಳ ಪಾಸ್‌ಪೋರ್ಟಲ್ಲಿ..." ಎಂದಳು ಹೆಂಡತಿ ಜೋನಿ.

"ಮೂರು ಸಲ ನೋಡಿದೀನಿ! ಫೋಟೋ ಇದೆ, ಸಹಿ ಇದೆ, ಅವಧಿ ಇನ್ನೂ ಆರು ವರ್ಷ ಇದೆ!"

"ಅಪ್ಪಾ, ಅದಲ್ಲ..." ಎಂದಳು ಹಲೀನಾ.

"ನೀನು ಸುಮ್ನೆ ಕಾರು ಹತ್ತು ಮಗಳೇ. ಇಡೀ ದೇಶ ನಿನ್ನ ಹುಟ್ಟುಹಬ್ಬಕ್ಕೆ ಪಟಾಕಿ ಹೊಡೀತಿದೆ!"

ಇದು ಹತ್ತೊಂಬತ್ತು ವರ್ಷದ ಹಳೇ ಭಾಷಣ. ದೇಶದ ಸ್ವಾತಂತ್ರ್ಯದ ದಿನವೇ ಹುಟ್ಟಿದ ಮಗಳೆಂದು ಅವನು ಯಾವ ಗಿರಾಕಿಯ ಮುಂದೆಯೂ ಕೊಚ್ಚಿಕೊಳ್ಳದೆ ಬಿಟ್ಟಿಲ್ಲ. ತಾಯಿ ಮಗಳು ಮುಖ ಮುಖ ನೋಡಿಕೊಂಡರು. ಜೋನಿ ಕಾರಿನ ಕೀಲಿ ಎತ್ತಿಕೊಂಡಳು.

ವಿಂಡ್ಸರಿನ ಆ ಹೋಟೆಲು ಹಾಗೇ ಇತ್ತು, ಕಿಟಕಿಯೂ ಇತ್ತು. ಮಧ್ಯಾಹ್ನದ ಬಿಸಿಲಿಗೆ ನದಿ ಫಳಫಳಿಸುತ್ತಿತ್ತು. ಬಡಿಸುವ ಹೆಂಗಸಿಗೆ ಅರವತ್ತರ ಆಸುಪಾಸು, ಕನ್ನಡಕ ಮೂಗಿನ ತುದಿಯಲ್ಲಿ. ರೋಮನ್ ಎದ್ದು ನಿಂತೇ ಆರ್ಡರ್ ಕೊಟ್ಟ. "ನನಗೊಂದು ಬಿಯರ್, ನನ್ನ ಮಗಳಿಗೊಂದು ಬಿಯರ್! ಹೆಂಡತಿ ಗಾಡಿ ಓಡಿಸ್ತಾಳೆ, ಅವಳಿಗೆ ಶುಂಠಿ ಸೋಡಾ."

ಹೆಂಗಸು ಹಲೀನಾಳ ಪಾಸ್‌ಪೋರ್ಟು ನೋಡಿದಳು. ಗೋಡೆಯ ಕ್ಯಾಲೆಂಡರ್ ನೋಡಿದಳು. ಮತ್ತೆ ಪಾಸ್‌ಪೋರ್ಟು ನೋಡಿದಳು.

"ನಾಳೆ ಬನ್ನಿ" ಎಂದಳು.

"ಏನಂದ್ರಿ?"

"ಜುಲೈ ಐದು ಅಂತಿದೆ ಇದರಲ್ಲಿ. ಇವತ್ತು ನಾಲ್ಕು."

"ಇಪ್ಪತ್ತು ನಿಮಿಷ!" ರೋಮನ್ ಗುಡುಗಿದ. "ಹನ್ನೆರಡು ಹೊಡೆದು ಬರೀ ಇಪ್ಪತ್ತು ನಿಮಿಷಕ್ಕೆ ಹುಟ್ಟಿದ್ದು ಕಣ್ರೀ! ನಮ್ಮೂರ ಬಸ್ಸು ಬರೋದೂ ಅಷ್ಟೇ ತಡವಾಗಿ!"

"ಬಸ್ಸಿಗೆ ನಾನು ಬಿಯರ್ ಕೊಡಲ್ಲವಲ್ಲ."

"ಅದನ್ನೇ ಮನೇಲಿ ಹೇಳೋಕೆ ಬಂದೆ. ಬಾಯಿ ಬಿಡೋಕೆ ಎಲ್ಲಿ ಬಿಟ್ಟೆ?" ಎಂದಳು ಜೋನಿ. "ಹೆತ್ತವಳು ನಾನು. ತಾರೀಖು ಇಟ್ಟವನು ನೀನು!"

"ನಾನು ಇವಳಪ್ಪ. ನಾನೇ ಒಪ್ಪಿಗೆ ಕೊಡ್ತೀನಿ!"

"ಪೋಪ್ ಒಪ್ಪಿಗೆ ಬರೆಸಿಕೊಂಡು ಬಂದ್ರೂ ಲೈಸೆನ್ಸ್ ಹೋಗೋದು ನಮ್ಮದೇ ಸ್ವಾಮಿ" ಎಂದು ಹೆಂಗಸು ನಕ್ಕಳು.

ರೋಮನ್ ಸೋಲುವ ಜಾತಿಯಲ್ಲ. ಫೋನಿನಲ್ಲಿ ನಕ್ಷೆ ತೆರೆದ. "ಕ್ವಿಬೆಕ್! ಅಲ್ಲಿ ಹದಿನೆಂಟೇ ಸಾಕು! ಮಾಂಟ್ರಿಯಲ್ಲಿಗೆ ಬರೀ ಒಂಬತ್ತು ಗಂಟೆ ದಾರಿ. ಈಗ ಹೊರಟ್ರೆ..."

"ನಾಳೆ ಮುಂಜಾನೆ ಇವಳ ವಿಮಾನ ಯಾರು ಹತ್ತೋದು, ನಾನಾ?" ಎಂದಳು ಜೋನಿ.

"ಬೇಡಪ್ಪಾ, ಅಲ್ಲೇನೂ ಚೆನ್ನಾಗಿರಲ್ಲ" ಎಂದಳು ಹಲೀನಾ. ಅಂದವಳೇ ತುಟಿ ಕಚ್ಚಿಕೊಂಡಳು.

"ಅಲ್ಲಿ ಅಂದ್ರೆ?" ಎಂದು ರೋಮನ್ ಕೇಳಿದ. ಸೈಲೆನ್ಸರ್ ಈಗ ಸರಿಯಾಗಿ ಕೂತಿತ್ತು.

"ಚಳಿಗಾಲದಲ್ಲಿ ಕಾಲೇಜಿನವರು ಮಾಂಟ್ರಿಯಲ್ಲಿಗೆ ಕರ್ಕೊಂಡು ಹೋಗಿದ್ರಲ್ಲಾ, ಫ್ರೆಂಚ್ ಕಲಿಯೋಕೆ. ಎಲ್ಲರೂ ಕುಡಿದ್ವಿ. ಕದ್ದಲ್ಲ ಅಪ್ಪಾ, ಕಾನೂನು ಪ್ರಕಾರವೇ! ನಂಗೆ ಹಿಡಿಸ್ಲಿಲ್ಲ. ಪಾತ್ರೆ ತೊಳೆದ ನೀರಿನ ಥರ ಇತ್ತು."

"ಮತ್ತೆ ಇವತ್ತು ಯಾಕೆ ಬಂದೆ?"

"ನೀನು ತಿಂಗಳಿಂದ ಇದನ್ನೇ ಹೇಳ್ತಿದ್ದೆಯಲ್ಲ. ಈ ಕಿಟಕಿ ಹತ್ರ ನಿನ್ನ ಜೊತೆ ಕೂರ್ಬೇಕು ಅನ್ನಿಸ್ತು. ಲೋಟದಲ್ಲಿ ಏನಿದ್ರೇನು?"

ರೋಮನ್‌ಗೆ ಅಳು ಬಂತು, ನಗುವೂ ಬಂತು; ಎರಡೂ ಒಟ್ಟಿಗೆ ಬಂದು ಬಿಕ್ಕಳಿಕೆಯಾಯಿತು. ಅವನ ಕೈ ತಾನಾಗಿ ಮಗಳ ಹೆಗಲ ಮೇಲೆ ಹೋಗಿ ಕೂತಿತು. "ನನ್ನ ಬಿಯರೂ ಬೇಡಮ್ಮಾ, ಮೂರೂ ಶುಂಠಿ ಸೋಡಾನೇ ಕೊಡಿ" ಎಂದ. ಹೆಂಗಸು ಮಗಳ ಲೋಟಕ್ಕೆ ಒಂದು ಚೆರ್ರಿ ಹಣ್ಣು ಹೆಚ್ಚಾಗಿ ಹಾಕಿ ತಂದಳು. ವೊಯ್ಚಿಕ್ ವಂಶದ ಶಾಸ್ತ್ರ ಶುಂಠಿ ಸೋಡಾದಲ್ಲಿ ಸಾಂಗವಾಗಿ ನೆರವೇರಿತು!

ವಾಪಸು ಬರುವಾಗ ಸೇತುವೆಯ ಈಚೆ ತುದಿಯಲ್ಲಿ ಅಮೆರಿಕದ ಅಧಿಕಾರಿ ಕಾರಿನೊಳಗೆ ಬಗ್ಗಿ ನೋಡಿ, "ಕೆನಡಾಕ್ಕೆ ಯಾಕೆ ಹೋಗಿದ್ರಿ?" ಎಂದು ಕೇಳಿದ.

ರೋಮನ್ ಎದೆಯುಬ್ಬಿಸಿ ಹಳೇ ಭಾಷಣಕ್ಕೆ ಬಾಯಿ ತೆರೆದ. ಹಿಂದಿನ ಸೀಟಿನಿಂದ ಮಗಳು ಕೆಮ್ಮಿದಳು. ಅವನು ಹತ್ತೊಂಬತ್ತು ವರ್ಷಗಳಲ್ಲಿ ಮೊದಲ ಸಲ ನಿಜ ನುಡಿದ. "ನನ್ನ ಮಗಳ ಹುಟ್ಟುಹಬ್ಬ ಸರ್. ಅಂದ್ರೆ... ನಾಳೆ."

"ನಾಳೆ ಹುಟ್ಟುಹಬ್ಬ ಇಟ್ಕೊಂಡು ಇವತ್ಯಾಕ್ರೀ ಹೋದ್ರಿ?"

ಸ್ಟಿಯರಿಂಗ್ ಹಿಡಿದಿದ್ದ ಜೋನಿ ನಿಟ್ಟುಸಿರು ಬಿಟ್ಟಳು.

"ನಾನೂ ಹತ್ತೊಂಬತ್ತು ವರ್ಷದಿಂದ ಅದನ್ನೇ ಕೇಳ್ತಿದೀನಿ ಸರ್!"